ವಾಟ್ನಿಗೆ ಬಂದ ಕಂಪ್ಯೂಟರ್

ಕಂಪ್ಯೂಟರನ್ನು ಕೊಯ್ದು ಹಂಚಿಕೊಳ್ಳಲು ಬರುವಂತಿದ್ದರೆ ನಮ್ಮ ಮನೆಯ ಗಂಡಸರು ಗರಗಸವನ್ನೇ ತರುತ್ತಿದ್ದರು. ಅಪ್ಪ ತೀರಿಕೊಂಡ ಮೇಲೆ ಅಣ್ಣ, ತಮ್ಮ ಬೇರೆಯಾದರು, ವಾಟ್ನಿ, ಅಂದರೆ ಆಸ್ತಿಯ ಪಾಲು, ಶುರುವಾಯಿತು. ನಾವು ಜಂಗಮರು, ಹೊಲಕ್ಕಿಂತ ಮೊದಲು ಪೂಜೆಗೆ, ಭಿಕ್ಷೆಗೆ ಹೋಗುವ ಭಕ್ತರ ಮನೆಗಳು ಪಾಲಾಗುತ್ತವೆ. ಮಾಕಣಿ ಕಡೆಯ ಮನೆಗಳು ಅಣ್ಣನಿಗೆ, ಸಾಸ್ತೂರ ಕಡೆಯವು ತಮ್ಮನಿಗೆ. ಅವ್ವ ಒಂದು ತಿಂಗಳು ಇವನಲ್ಲಿ, ಒಂದು ತಿಂಗಳು ಅವನಲ್ಲಿ. ಉಳಿದದ್ದು ನಿಲಂಗಾದಲ್ಲಿ ಇಬ್ಬರೂ ಕೂಡಿ ನಡೆಸುತ್ತಿದ್ದ ಲಗ್ನಪತ್ರಿಕೆಯ ಅಂಗಡಿ, ಅದರೊಳಗಿನ ಒಂದೇ ಒಂದು ಕಂಪ್ಯೂಟರ್.

ಅಣ್ಣನಿಗೆ ವಿಂಡೋಸ್ ಬೇಕು, ಅವನ ಪತ್ರಿಕೆಯ ಡಿಸೈನುಗಳೆಲ್ಲ ಅದರಲ್ಲೇ. ತಮ್ಮನಿಗೆ ಲಿನಕ್ಸ್ ಬೇಕು. ಅಣ್ಣ ಕಂಡಕಂಡವರ ಪೆನ್‌ಡ್ರೈವ್ ಚುಚ್ಚಿ ವೈರಸ್ ತರುತ್ತಾನೆಂದು ಅವನ ದೂರು. ನನ್ನನ್ನು ಉದಗೀರಿಗೆ ಕೊಟ್ಟಿದ್ದಾರೆ, ಅಲ್ಲಿ ಶಾಲೆಯೊಂದರಲ್ಲಿ ಕಂಪ್ಯೂಟರ್ ಕಲಿಸುತ್ತೇನೆ. ಕರೆ ನನಗೇ ಬಂತು. ಎರಡನ್ನೂ ಒಂದರಲ್ಲೇ ಹಾಕಬಹುದು, ಚಾಲೂ ಮಾಡಿದಾಗ ಯಾವುದು ಬೇಕೆಂದು ಅದೇ ಕೇಳುತ್ತದೆ, ಬೆಳಿಗ್ಗೆ ಅವನು, ಮಧ್ಯಾಹ್ನದಿಂದ ಇವನು ಎಂದೆ. ಹಿರಿಯನೆಂದು ಕೂತಿದ್ದ ಕಾಕಾ ತಲೆದೂಗಿದ. "ಆದ್ರ ಬರೋಬರ್ ಅರ್ಧಾ ಆಗ್ಬೇಕು ನೋಡವಾ" ಎಂದ.

ಆ ಕಂಪ್ಯೂಟರಿನೊಳಗೆ ಅವ್ವನ ಹಾಡುಗಳಿದ್ದವು. ಮಗುವನ್ನು ತೊಟ್ಟಿಲಿಗೆ ಹಾಕುವಾಗ, ಮದುವೆಯ ಅರಿಶಿಣ ಹಚ್ಚುವಾಗ ಹಾಡಿದ್ದನ್ನೆಲ್ಲ ಅಪ್ಪ ಬೆನ್ನು ಹತ್ತಿ ವಿಡಿಯೊ ಮಾಡಿ ತುಂಬಿಸಿದ್ದ. ಗಂಟಲಿನ ಆಪರೇಷನ್ ಆದಮೇಲೆ ಅವ್ವನ ದನಿ ಹೋಯಿತು. ದಿನಾ ಸಂಜೆ ಅಂಗಡಿಗೆ ಬಂದು ತನ್ನ ದನಿ ತಾನೇ ಕೇಳಿ ಹೋಗುತ್ತಿದ್ದಳು. ಅವಳಿಗೆ ಉಳಿದಿದ್ದ ಸಂತೋಷ ಅದೊಂದೇ.

ಮೊದಲು ಅವನ್ನು ನನ್ನ ಪೆನ್‌ಡ್ರೈವಿಗೆ ಹಾಕಿಕೊಳ್ಳುತ್ತೇನೆ ಎಂದೆ. ಅಣ್ಣ ಕೈ ಅಡ್ಡ ಹಿಡಿದ.

"ವಾಟ್ನಿ ಮುಗಿಯೋತನಾ ಮನಿ ಸಾಮಾನ ಒಂದೂ ಹೊರಗ ಹೋಗಂಗಿಲ್ಲ. ಕೊಟ್ಟ ಹೆಣ್ಣಮಗಳ ಕೈಯಾಗಂತೂ ಇಲ್ಲೇ ಇಲ್ಲ."

"ಕಾಪಿ ಮಾಡಿದ್ರ ಇಲ್ಲಿಂದು ಇಲ್ಲೇ ಇರ್ತದೋ ಅಣ್ಣಾ!"

"ರಿವಾಜ್ ಅಂದ್ರ ರಿವಾಜ್" ಎಂದ ಕಾಕಾ. ಈ ಮನುಷ್ಯ ಮೊಬೈಲ್ ಹಿಡಿಯುವುದೂ ತಲೆಕೆಳಗೆ.

ಡಿಸ್ಕ್ ಅರ್ಧಕ್ಕಿಂತ ಹೆಚ್ಚು ತುಂಬಿತ್ತು. ತುಂಬಿದ ಜಾಗವನ್ನು ಕತ್ತರಿಸಲು ಬರುವುದಿಲ್ಲ. ಸರಿಯರ್ಧ ಮಾಡಬೇಕೆಂದರೆ ಏನಾದರೂ ಅಳಿಸಬೇಕು. ಅಣ್ಣನ ಡಿಸೈನು ಮುಟ್ಟುವಂತಿಲ್ಲ. ಅವ್ವನ ಹಾಡಿಗಾಗಿ ಯಾರಾದರೂ ಸ್ವಲ್ಪ ಜಾಗ ಬಿಡಿ ಎಂದು ಇಬ್ಬರಿಗೂ ಕೈಮುಗಿದೆ.

"ಹಾಡು ನನ್ನ ಪಾಲಿಗೆ ಬಂದ್ರ ಅವ್ವನೂ ನನ್ನ ಪಾಲಿಗೇ ಅಂತಾನ ನಾಳಿಗಿ ಇಂವಾ" ಎಂದ ಅಣ್ಣ.

"ನನಗೂ ಬ್ಯಾಡಕ್ಕಾ" ಎಂದ ತಮ್ಮ.

ನಾನು ಊಟ ಮಾಡಿ ಬರುವಷ್ಟರಲ್ಲಿ ಡಿಸ್ಕ್ ಸರಿಯಾಗಿ ಅರ್ಧವಾಗಿತ್ತು. ಹಾಡುಗಳಿರಲಿಲ್ಲ. ಖಾಲಿಯಾದ ಜಾಗದ ಮೇಲೆ ಲಿನಕ್ಸ್ ಬರೆದುಕೊಂಡು ಮುಗಿದಿತ್ತು, ಇನ್ನು ಅವನ್ನು ಹೊರಗೆ ತೆಗೆಯುವ ದಾರಿಯಿಲ್ಲ. ಬೇರೆಯಾದ ಮೇಲೆ ಅವರಿಬ್ಬರೂ ಒಂದಾಗಿ ಮಾಡಿದ ಕೆಲಸ ಇದೊಂದೇ. ಇಬ್ಬರ ಕಪಾಳಕ್ಕೂ ಬಾರಿಸಬೇಕೆನಿಸಿತು. ಬಸ್ ಹತ್ತಿದೆ.

ಮುಂದಿನ ಭಾನುವಾರ ಹೋದಾಗ ಅವ್ವ ಬೆಳಿಗ್ಗೆಯೇ ಅಂಗಡಿಯ ಸ್ಟೂಲಿನ ಮೇಲೆ ಕೂತಿದ್ದಳು. ಅಣ್ಣ ಅವಳಿಗೆ, "ತಮ್ಮನ ಕಡೆ ಅದ, ಮಧ್ಯಾನ ಬಾ" ಎನ್ನುತ್ತಿದ್ದ. ಮಧ್ಯಾಹ್ನ ಬಂದರೆ ತಮ್ಮ, "ಅಣ್ಣನ ಕಡೆ ಅದ, ಮುಂಜಾನಿ ಬಾ" ಎನ್ನುತ್ತಿದ್ದನಂತೆ. ವಾರವಿಡೀ ಮುದುಕಿಯನ್ನು ಹೀಗೆ ಅಲೆದಾಡಿಸಿದ್ದರು. ನನಗೆ ತಡೆಯಲಾಗಲಿಲ್ಲ.

"ಅಳಿಸ್ಯಾರವ್ವಾ. ಇಬ್ಬರೂ ಕೂಡೇ ಅಳಿಸ್ಯಾರ."

ಅವ್ವ ನನ್ನ ಫೋನಿನ ಕಡೆ ಕೈ ತೋರಿಸಿ, ವಿಡಿಯೊ ಹಿಡಿ ಎಂದು ಸನ್ನೆ ಮಾಡಿದಳು. ಸೆರಗು ತಲೆಯ ಮೇಲೆ ಎಳೆದುಕೊಂಡು, ನೆಟ್ಟಗೆ ಕೂತು, ತೊಟ್ಟಿಲ ಹಾಡು ಶುರುಮಾಡಿದಳು. ತುಟಿ ಒಂದು ಮಾತನ್ನೂ ತಪ್ಪಲಿಲ್ಲ. ಬಂದದ್ದು ಬರೀ ಗಾಳಿ.

"ಸಾಕ್ ಏಳವ್ವಾ, ಗಿರಾಕಿ ಬಂದಾರ" ಎಂದ ಅಣ್ಣ.

ಅವ್ವ ಕೊನೆಯ ನುಡಿಯವರೆಗೂ ಹಾಡಿಯೇ ಎದ್ದಳು. ಅದು ನನ್ನ ಫೋನಿನಲ್ಲಿದೆ. ಅದರಲ್ಲಿ ಅವರಿಬ್ಬರಿಗೂ ಪಾಲಿಲ್ಲ.