ಹಳದಿ ಗೆರೆಯ ತೆಪ್ಪ

ಹೋದ ತಿಂಗಳು ರಜೆಗೆಂದು ಹುಮನಾಬಾದಿಗೆ ಬಂದಾಗ ಮಾಣಿಕನಗರದಲ್ಲಿ ಯಾರೋ ಅಂಗಡಿಯ ಶಟರಿಗೆ ತುಕ್ಕು ತಡೆಯುವ ಕೆಂಪು ಬಣ್ಣ, ರೆಡ್ ಆಕ್ಸೈಡ್, ಬಳಿಯುತ್ತಿದ್ದರು. ಆಟೋದಲ್ಲಿ ಕೂತಿದ್ದ ನನಗೆ ಆ ವಾಸನೆಯಿಂದ ಬಸವಕಲ್ಯಾಣದ ಉಸ್ತಾದರು ನೆನಪಾದರು. ನಾನು ಹಡಗು ಕಟ್ಟುವ ಯಾರ್ಡಿನಲ್ಲಿ ಉಕ್ಕಿನ ಚೌಕಟ್ಟುಗಳ ನಕ್ಷೆ ಮಾಡುವವನು. ಈ ಬಣ್ಣವನ್ನು ದಿನವೂ ಮೂಸುತ್ತೇನೆ. ಅಲ್ಲಿ ಒಮ್ಮೆಯೂ ನೆನಪಾಗದವರು ಇಲ್ಲಿ ಯಾಕೆ ನೆನಪಾದರೋ ತಿಳಿಯದು. ನೆನಪು ಎಂಬುದರ ಮೇಲೆ ನನಗೆ ಅಷ್ಟು ಭರವಸೆಯೂ ಇಲ್ಲ...

ಉಸ್ತಾದರು ಲಾರಿಗಳಿಗೆ ಬಾಡಿ ಕಟ್ಟುತ್ತಿದ್ದರು. ಎತ್ತರದ ಆಳು ಎಂದು ಬರೆಯಲು ಹೊರಟಿದ್ದೆ. ಆದರೆ ಅವರು ಯಾವಾಗಲೂ ಲಾರಿಯ ಮೇಲೆ ನಿಂತಿರುತ್ತಿದ್ದುದರಿಂದ ಹಾಗೆ ಕಂಡಿರಲೂಬಹುದು. ಅವರ ದೊಡ್ಡ ಹೆಮ್ಮೆ ಏನೆಂದರೆ ಅವರ ಕೆಲಸದಲ್ಲಿ ಬೆಸುಗೆ ಕಾಣುತ್ತಿರಲಿಲ್ಲ. ವೆಲ್ಡಿಂಗ್ ಮುಗಿದ ಮೇಲೆ ಪ್ರತಿಯೊಂದು ಉಬ್ಬನ್ನೂ ಗ್ರೈಂಡರಿನಿಂದ ಸವೆಸಿ, ಬಣ್ಣ ಹೊಡೆದು, ಗಿರಾಕಿಯನ್ನು ಕರೆದು, "ಜೋಡು ಎಲ್ಲದ ಹುಡುಕ್ರಿ ನೋಡೋಣು" ಎನ್ನುತ್ತಿದ್ದರು. ಯಾರಿಗೂ ಸಿಗುತ್ತಿರಲಿಲ್ಲ. ಆಮೇಲೆ ಲಾರಿಯ ಹಿಂದಿನ ಫಳಿಯ, ಅಂದರೆ ಹಲಗೆಯ, ಮೇಲೆ ಹಳದಿ ಬಣ್ಣದಲ್ಲಿ ತಮ್ಮ ಹೆಸರು ಬರೆಯುತ್ತಿದ್ದರು. ಒಪ್ಪಿಗೆಯಾಗದ ಕೆಲಸಕ್ಕೆ ಹೆಸರಿಲ್ಲ.

ಆಗ ನಾನು ಓದು ಮುಗಿಸಿ, ಕೆಲಸಕ್ಕೆ ಸೇರುವ ಮುಂಚೆ ಊರಲ್ಲಿದ್ದೆ. ಮಾವನ ಲಾರಿ ಬಾಡಿ ಕಟ್ಟಿಸಲೆಂದು ಉಸ್ತಾದರಲ್ಲಿ ನಿಂತಿತ್ತು. ಅದರ ನೆಪ ಮಾಡಿಕೊಂಡು ಹೋಗಿ ಕೂಡುತ್ತಿದ್ದೆ. ಒಂದು ದಿನ ಕೊಹಿನೂರು ಎಂಬ ಹಳ್ಳಿಯಿಂದ ಆಡು ಮೇಯಿಸುವ ಅಕ್ಕ ಒಬ್ಬಳು ಬಂದಳು. ಮಳೆಗಾಲದಲ್ಲಿ ಅವಳ ಮನೆಗೂ ಆಡು ಮೇಯುವ ಗಾಯರಾಣಕ್ಕೂ ನಡುವೆ ಹಿನ್ನೀರು ನಿಲ್ಲುತ್ತಿತ್ತು. ಡ್ರಮ್ಮುಗಳ ಮೇಲೆ ಕಟ್ಟಿಗೆ ಕಟ್ಟಿದ ತೆಪ್ಪದಲ್ಲಿ ಆಡುಗಳನ್ನು ದಾಟಿಸುತ್ತಿದ್ದಳು.

"ಹ್ವಾದ ವರ್ಷ ನಡುನೀರಾಗ ತೆಪ್ಪ ಬಿಚ್ಚಿತ್ರಿ. ಗಬ್ಬದ ಆಡ ಮುಳುಗಿ ಸತ್ತವು. ಇನ್ನೊಮ್ಮಿ ಹಂಗಾದ್ರ ನಾ ಆಡ ಕಾಯೋದೇ ಬಿಡ್ತೀನಿ. ಕಬ್ಬಿಣದ್ದು ಮಾಡಿ ಕೊಡ್ರಿ."

"ಲಾರಿ ತುಂಬ ಕಬ್ಬ ಹೊರೋ ಬಾಡಿ ಕಟ್ಟಾಕತ್ತೇನಿ ಅಕ್ಕಾ, ನಿನ್ನ ಆಡ ಏನ ಮಹಾ?" ಎಂದರು ಉಸ್ತಾದರು.

ನಕ್ಷೆ ನಾನೇ ಮಾಡಿದೆ, ನೆಲದ ಮೇಲೆ ಸೀಮೆಸುಣ್ಣದಲ್ಲಿ. ಕೆಳಗೆ ಡ್ರಮ್ಮುಗಳು, ಮೇಲೆ ಚಾನೆಲ್ ಮತ್ತು ಆಂಗಲ್ ಎನ್ನುವ ಕಬ್ಬಿಣದ ಪಟ್ಟಿಗಳ ಚೌಕಟ್ಟು. ಆಡಿನ ಉಚ್ಚೆ ನಿಂತರೆ ಕಬ್ಬಿಣಕ್ಕೆ ತುಕ್ಕು ಬೇಗ ಹತ್ತುತ್ತದೆ, ಅದಕ್ಕೆ ಪಟ್ಟಿಗಳ ನಡುವೆ ಸಂದು, ಮೂಲೆಗಳಲ್ಲಿ ನೀರು ಹರಿದುಹೋಗಲು ತೂತು. ಅಲ್ಲಿಯವರೆಗೆ ಜಗಳವಿರಲಿಲ್ಲ. ಬೆಸುಗೆ ಮುಗಿದು ಉಸ್ತಾದರು ಗ್ರೈಂಡರ್ ಕೈಗೆತ್ತಿಕೊಂಡಾಗ ಶುರುವಾಯಿತು.

"ಉಸ್ತಾದ್ರ, ಮೂಲಿ ಬೆಸಗಿ ತಿಕ್ಕಬ್ಯಾಡ್ರಿ. ಅದರ ದಪ್ಪದಾಗೇ ತಾಕತ್ ಅದ."

"ಇಂಜಿನಿಯರ್ ಸಾಬ, ಹೊಲಿಗಿ ಕಾಣೋ ಅಂಗಿ ಹಾಕ್ಕೊಂಡು ಮದುವಿಗಿ ಹೋಗ್ತೀರೇನು?"

"ಇದು ಮದುವಿಗಿ ಹೊಂಟಿಲ್ರಿ. ನೀರಿಗಿ ಹೊಂಟದ."

"ನೀರಿಗಿ ಹೋದ್ರೂ ನನ್ನ ಹೆಸರ ತಗೊಂಡೇ ಹೋಗ್ತದಲ್ಲ?"

ಅಕ್ಕ ಎಲೆಯಡಿಕೆ ಜಗಿಯುತ್ತ, "ನೀವಿಬ್ರೂ ಹಿಂಗೇ ಜಗಳಾಡಾಕತ್ರ ಮಳಿಗಾಲ ಮುಗೀತದ ನೋಡ್ರಿ" ಎಂದಳು.

ಕೊನೆಗೆ ಎರಡು ಮೂಲೆ ತುಂಡುಗಳನ್ನು ಬೇರೆಯಾಗಿ ಬೆಸೆದೆವು. ಒಂದನ್ನು ಉಸ್ತಾದರು ಕನ್ನಡಿಯಂತೆ ಸವೆಸಿದರು, ಇನ್ನೊಂದನ್ನು ಇದ್ದ ಹಾಗೆ ಬಿಟ್ಟೆವು. ಲಾರಿ ಎತ್ತುವ ಜಾಕಿಯಿಂದ ಎರಡನ್ನೂ ಒತ್ತಿದೆವು. ಸವೆಸಿದ್ದು ಟಪ್ಪೆಂದು ಬಿಟ್ಟುಕೊಂಡಿತು. ಇನ್ನೊಂದು ಬಾಗಿತು, ಬಿಡಲಿಲ್ಲ. ಇಷ್ಟರಲ್ಲಿ ಮಾತ್ರ ನನಗೆ ಅನುಮಾನವಿಲ್ಲ, ಉಳಿದದ್ದರಲ್ಲೆಲ್ಲ ಇದೆ. ಉಸ್ತಾದರು ಮುರಿದ ತುಂಡನ್ನು ತಿರುಗಿಸಿ ತಿರುಗಿಸಿ ನೋಡಿ, "ನಿಮ್ದು ಗಟ್ಟಿ ಅದ, ಒಪ್ಪಿದೆ. ಚಂದ ಇಲ್ಲ. ಹೆಸರ ಬರಿಯಂಗಿಲ್ಲ" ಎಂದರು.

ಅವರ ಮುಖ ಮತ್ತೆ ಅರಳಿದ್ದು ಬಣ್ಣದ ವಿಷಯ ಬಂದಾಗ. ಚೂಪಾದ ಅಂಚಿನ ಮೇಲೆ, ಬೆಸುಗೆಯ ಉಬ್ಬುತಗ್ಗಿನ ಮೇಲೆ ಬಣ್ಣ ತೆಳುವಾಗಿ ಕೂಡುತ್ತದೆ, ತುಕ್ಕು ಅಲ್ಲಿಂದಲೇ ಹತ್ತುತ್ತದೆ. ಆದ್ದರಿಂದ ಹಡಗಿನಲ್ಲಿ ಅಂಚು ಮತ್ತು ಬೆಸುಗೆಗಳಿಗೆ ಮಾತ್ರ ಕುಂಚದಿಂದ ಒಂದು ಕೈ ಬೇರೆಯಾಗಿ ಹಚ್ಚುತ್ತಾರೆ, ಬಿಟ್ಟುಹೋದ ಜಾಗ ಕಾಣಲೆಂದು ಬೇರೆ ಬಣ್ಣದಲ್ಲಿ. ಹೀಗೆಂದು ಕಾಲೇಜಿನಲ್ಲಿ ಓದಿದ್ದನ್ನು ವಿವರಿಸಿದೆ. ಉಸ್ತಾದರು ಪೂರ್ತಿ ಕೇಳಿಸಿಕೊಂಡರೋ ಇಲ್ಲವೋ, ಲಾರಿಗಳ ಮೇಲೆ ಹೂಬಳ್ಳಿ ಬರೆಯುವ ಸಣ್ಣ ಕುಂಚ ತಂದರು. ರೆಡ್ ಆಕ್ಸೈಡ್ ಬಳಿದ ಚೌಕಟ್ಟಿನ ಒಂದೊಂದು ಬೆಸುಗೆಯ ಮೇಲೂ ಹಳದಿ ಗೆರೆ ಎಳೆಯುತ್ತ ಕೂತರು. ಯಾರೂ ನೋಡದ ಅಡಿಭಾಗಕ್ಕೆ ಮಲಗಿಕೊಂಡು ಹಚ್ಚಿದರು.

"ಅರಿಶಿಣ ಹಚ್ಚಾಕತ್ತಾನ ನೋಡ, ಹೆಣ್ಣ ಕೊಡೋರಂಗ" ಎಂದು ಅಕ್ಕ ನಕ್ಕಳು.

ಮೇಲೆ ಕೊನೆಯ ಬಣ್ಣ ಹೊಡೆದರೆ ಹಳದಿ ಮುಚ್ಚಿಹೋಗುತ್ತದೆ ಎಂದು ನಾನು ಹೇಳಿದಾಗ ಮತ್ತೆ ಜಗಳ. ರಾಜಿಯ ಪ್ರಕಾರ ಕೊನೆಯ ಬಣ್ಣವೂ ಆಯಿತು, ಅದರ ಮೇಲೆ ಮತ್ತೊಮ್ಮೆ ಹಳದಿಯೂ ಆಯಿತು. ಮುಚ್ಚಬೇಕಾಗಿದ್ದ ಬೆಸುಗೆಗಳು ಈಗ ಊರಾಚೆಯಿಂದಲೇ ಕಾಣುತ್ತಿದ್ದವು.

ತೆಪ್ಪ ನೀರಿಗಿಳಿದ ದಿನ ಆಡುಗಳು ಹತ್ತಲೊಲ್ಲವು. ಅಕ್ಕ ಜಾಲಿಕಾಯಿ ಹಿಡಿದು ಮುಂದೆ ಹತ್ತಿದಳು, ಒಂದು ಆಡು ಹತ್ತಿತು, ನೋಡುವಷ್ಟರಲ್ಲಿ ಎಲ್ಲವೂ ಹತ್ತಿದವು. ದಡದಿಂದ ದಡಕ್ಕೆ ಕಟ್ಟಿದ ಹಗ್ಗ ಹಿಡಿದು ಎಳೆಯುತ್ತ ನಡುನೀರಿಗೆ ಹೋದಳು. ಅಲ್ಲಿ ಆಡುಗಳಿಗೆ ಏನು ಕಂಡಿತೋ, ಎಲ್ಲವೂ ಒಂದೇ ಮಗ್ಗುಲಿಗೆ ನುಗ್ಗಿದವು. ತೆಪ್ಪ ವಾಲಿತು. ಈ ಕಡೆಯ ಡ್ರಮ್ಮು ನೀರು ಬಿಟ್ಟು ಮೇಲೆದ್ದಿತು, ಮೂಲೆ ಕಿರ್ರೆಂದಿತು. ದಡದಲ್ಲಿ ಉಸ್ತಾದರು ನನ್ನ ಭುಜ ಹಿಡಿದರು. ನಾನು ಲೆಕ್ಕ ಹಾಕಿದ್ದೆಲ್ಲ ಆ ಕ್ಷಣಕ್ಕೆ ಮರೆತುಹೋಗಿತ್ತು. ಅಕ್ಕ ಕೋಲಿನಿಂದ ತಿವಿದು ಬೈದು ಆಡುಗಳನ್ನು ನಡುವಿಗೆ ತಂದಳು. ತೆಪ್ಪ ನೆಟ್ಟಗಾಯಿತು. ಆಚೆ ದಡ ಮುಟ್ಟಿದವಳು ತಿರುಗಿಯೂ ನೋಡದೆ ಆಡುಗಳ ಹಿಂದೆ ನಡೆದಳು.

ಸಂಜೆ ಅವಳು ಮರಳಿದಾಗ ಉಸ್ತಾದರು ಚಪ್ಪಲಿ ಬಿಟ್ಟು, ಪೈಜಾಮ ಎತ್ತಿ ನೀರಿಗಿಳಿದು, ತೆಪ್ಪದ ಹಿಂದಿನ ಪಟ್ಟಿಯ ಮೇಲೆ ಹಳದಿಯಲ್ಲಿ ತಮ್ಮ ಹೆಸರು ಬರೆದರು... ಇಷ್ಟು ವರ್ಷ ಈ ಕತೆಯನ್ನು ಯಾರಿಗೆ ಹೇಳಿದರೂ ಇಲ್ಲಿಗೇ ಮುಗಿಸುತ್ತಿದ್ದೆ.

ಈ ಸಲ ಬೈಕ್ ತೆಗೆದುಕೊಂಡು ಕೊಹಿನೂರಿಗೆ ಹೋದೆ. ಹಿನ್ನೀರಿಗೆ ಈಗ ಸೇತುವೆಯಾಗಿದೆ. ಅಕ್ಕನ ತಲೆ ಪೂರ್ತಿ ಬೆಳ್ಳಗಾಗಿದೆ, ಆಡುಗಳು ಇವೆ. ತೆಪ್ಪ ಜಾಲಿಗಿಡದ ಕೆಳಗೆ ಬೋರಲು ಬಿದ್ದಿತ್ತು. ಡ್ರಮ್ಮುಗಳು ತೂತು ಬಿದ್ದಿವೆ. ಚೌಕಟ್ಟಿನ ಮೂಲೆಗಳು ಗಟ್ಟಿಯಾಗಿವೆ, ಬೆಸುಗೆಗಳ ಮೇಲೆ ಹಳದಿ ಅಲ್ಲಲ್ಲಿ ಇನ್ನೂ ಉಳಿದಿದೆ. ಹಿಂದಿನ ಪಟ್ಟಿಯ ಬಣ್ಣ ಕೆಟ್ಟಿರಲಿಲ್ಲ. ಅದರ ಮೇಲೆ ಹೆಸರಿರಲಿಲ್ಲ.

"ಹೆಸರಾ?" ಎಂದಳು ಅಕ್ಕ. "ಅಂವ ಎಲ್ಲಿ ಬರದಾನ ತಮ್ಮಾ? ಮೂಲಿ ಮೂಲಿ ಮುಟ್ಟಿ ನೋಡ್ದ, ಗೋಣ ಅಲ್ಲಾಡಿಸ್ದ, ಹ್ವಾದ."

ನನಗೆ ಜೋರಾಗಿ ನಗು ಬಂತು. ಹಟಮಾರಿ ಮನುಷ್ಯ, ಹೆಸರು ಬರೆಯಲು ಕೊನೆಗೂ ಒಪ್ಪಿರಲಿಲ್ಲ. ಒಪ್ಪಿಸಿದ್ದು ನನ್ನ ನೆನಪು ಮಾತ್ರ. ಗೋಣು ಅಲ್ಲಾಡಿಸಿದ್ದು ಹೌದೆಂದೋ ಅಲ್ಲವೆಂದೋ ಎಂದು ಕೇಳಿದೆ, ಅಕ್ಕನಿಗೆ ನೆನಪಿಲ್ಲ. ಉಸ್ತಾದರನ್ನೇ ಕೇಳಬೇಕಿತ್ತು. ಅವರು ತೀರಿಕೊಂಡ ಸುದ್ದಿ ನನಗೆ ಮುಟ್ಟಿದ್ದೇ ತಡವಾಗಿ. ಜಗಳ ಅರ್ಧಕ್ಕೇ ನಿಂತಿದೆ, ನನ್ನ ಕಡೆಯ ಮಾತುಗಳೆಲ್ಲ ತಯಾರಾಗಿವೆ, ಎದುರಿಗೆ ಮಾತ್ರ ಯಾರೂ ಇಲ್ಲ.