ಅಪ್ಪ ಪಳಗಿಸಿದ ಬೂಡ್ಸು

ನಾನು ಲಂಗ ಉಟ್ಟು ಓಡಾಡುತ್ತಿದ್ದ ಆ ಕಾಲದಲ್ಲಿ ನಮ್ಮೂರಿನವರ ಕಾಲಿಗೆ ಟೈರಿನ ಎಕ್ಕಡ ಇತ್ತು, ಇಲ್ಲವೇ ಏನೂ ಇರಲಿಲ್ಲ. ಬೂಟು ಕಂಡದ್ದು ಪೊಲೀಸರ ಕಾಲಲ್ಲಿ ಮಾತ್ರ. ಅದಕ್ಕೆ ನಾವು ಹೇಳುತ್ತಿದ್ದದ್ದು ಬೂಡ್ಸು ಅಂತ. ಕೌದಳ್ಳಿಯಲ್ಲಿ ಬಸ್ಸಿಳಿದು ಕಾಡಿನ ಕಡೆಗೆ ಎರಡು ಮೈಲಿ ನಡೆದರೆ ನಮ್ಮೂರು. ಶಿವರಾತ್ರಿ ಕಳೆಯುತ್ತಿದ್ದ ಹಾಗೆ ಮರಗಳಿಂದ ಹುಣಸೆಹಣ್ಣು ಇಳಿಯುತ್ತಿತ್ತು. ನಾವು ಹುಡುಗಿಯರು ಉಪ್ಪು, ಮೆಣಸಿನಕಾಯಿ, ಬೆಲ್ಲ ಹಾಕಿ ಕುಟ್ಟಿ, ಕಡ್ಡಿಗೆ ಚುಚ್ಚಿ ಚಿಗಳಿ ಮಾಡಿಕೊಂಡು, ನಾಲಿಗೆ ಒಡೆಯುವವರೆಗೂ ಚೀಪುತ್ತಿದ್ದೆವು. ಗಂಡಸರ ಬಾಯಲ್ಲಿ ಮಾತ್ರ ಒಂದೇ ಮಾತು, ಹೊಸತೊಡಕಿನ ಬೇಟೆ. ಯುಗಾದಿಯ ಮಾರನೆಯ ದಿನ ಊರಿನ ಗಂಡಸರೆಲ್ಲ ಹಂದಿ ಬೇಟೆಗೆ ಹೋಗುವುದು ಅಜ್ಜನ ಕಾಲದಿಂದ ನಡೆದುಬಂದಿತ್ತು. ಬೇಟೆ ಕೂಡದೆನ್ನುವ ಕಾನೂನು ಆಗಲೂ ಇತ್ತು, ನಮ್ಮೂರಿನವರು ಅದಕ್ಕೆ ಕಿವಿ ಕೊಟ್ಟಿರಲಿಲ್ಲ ಅಷ್ಟೆ.

ಬೇಟೆಗೆ ಯಜಮಾನ ನಮ್ಮ ದೊಡ್ಡಪ್ಪ. ಅಪ್ಪ ಅವನಿಗಿಂತ ಹನ್ನೆರಡು ವರ್ಷ ಚಿಕ್ಕವನು. ಅಜ್ಜ ಅಜ್ಜಿ ಬೇಗ ತೀರಿಕೊಂಡದ್ದರಿಂದ ಅಪ್ಪನನ್ನು ಸಾಕಿದವನು ದೊಡ್ಡಪ್ಪನೇ. ಅದನ್ನು ಅವನು ದಿನಕ್ಕೆ ಒಂದು ಸಲವಾದರೂ ಹೇಳುತ್ತಿದ್ದ. ನಮ್ಮ ಮನೆಯಲ್ಲಿ ಇನ್ನೊಂದು ಪದ್ಧತಿ ಇತ್ತು. ದೊಡ್ಡಪ್ಪನಿಗೆ ಬಿರುಸಾದದ್ದು ಏನೇ ಹೊಸದು ಬಂದರೂ ಮೊದಲು ಅಪ್ಪ ಅದನ್ನು ಪಳಗಿಸಿ ಕೊಡಬೇಕು. ಚುಚ್ಚುವ ಹೊಸ ಕಂಬಳಿಯನ್ನು ಅಪ್ಪ ಒಂದು ತಿಂಗಳು ಹೊದೆಯುತ್ತಿದ್ದ. ಹೊಸ ಎಕ್ಕಡವನ್ನು ಅಪ್ಪ ಹದಿನೈದು ದಿನ ಮೆಟ್ಟುತ್ತಿದ್ದ. ಅಣ್ಣತಮ್ಮಂದಿರ ಕಾಲು ಒಂದೇ ಅಳತೆ. ಇದರಲ್ಲಿ ತಪ್ಪಿದೆ ಎಂದು ಯಾರಿಗೂ ಅನ್ನಿಸಿದಂತಿರಲಿಲ್ಲ, ಅಮ್ಮನೊಬ್ಬಳನ್ನು ಬಿಟ್ಟು.

ಆ ವರ್ಷ ದೊಡ್ಡಪ್ಪನಿಗೆ ಬೇಟೆಗೆ ಬೂಡ್ಸು ಬೇಕೆನಿಸಿತು. ಅಪ್ಪನನ್ನೂ ನನ್ನನ್ನೂ ಕರೆದುಕೊಂಡು ಕೊಳ್ಳೇಗಾಲಕ್ಕೆ ಹೊರಟ. ಹನೂರಿನಲ್ಲಿ ಬಸ್ಸು ನಿಂತಾಗ ನನಗೆ ಕಡಲೆಮಿಠಾಯಿ ಕೊಡಿಸಿದ. ನನ್ನ ಮೇಲೆ ಅವನಿಗೆ ಪ್ರೀತಿ ಇತ್ತು, ಅದು ಸುಳ್ಳಲ್ಲ.

ಬಸ್ ಸ್ಟ್ಯಾಂಡಿನ ಹಿಂದಿನ ಸಂದಿಯಲ್ಲಿ ವಯಸ್ಸಾದ ಸಾಯಬರೊಬ್ಬರ ಅಂಗಡಿ. ಒಳಗೆ ತೊಗಲು, ಅಂಟು, ಪಾಲಿಷು ಎಲ್ಲದರ ವಾಸನೆ. ಅವರು ನಮ್ಮನ್ನು ನೋಡಿ ನಕ್ಕರು.

"ಬೂಟು ತಗೊಳ್ಳೋಕೆ ಬೆಳಿಗ್ಗೆ ಬರಬಾರದು ಯಜಮಾನ್ರೇ. ಸಂಜೆ ಬನ್ನಿ. ನಡೆದೂ ನಡೆದೂ ಕಾಲು ಊದಿರುತ್ತೆ, ಅದು ಸರಿಯಾದ ಅಳತೆ."

"ಸಂಜೆ ಗಂಟ ನಾವು ಇಲ್ಲೇ ಕೂತ್ರೆ ನಮ್ಮೂರ್ ಬಸ್ಸ ನೀವು ಓಡಿಸ್ತೀರಾ ಸಾಯಬ್ರೇ?" ಎಂದ ದೊಡ್ಡಪ್ಪ.

ಸಾಯಬರು ಎರಡು ಜೊತೆ ತೆಗೆದಿಟ್ಟರು. ಒಂದು ಕಂದು ಬಣ್ಣದ್ದು, ಕೈಯಲ್ಲಿ ಮಡಚಿದರೆ ಮಡಚಿಕೊಳ್ಳುತ್ತಿತ್ತು. ಇನ್ನೊಂದು ಕಪ್ಪು. ದಪ್ಪ ತೊಗಲು, ಅಟ್ಟೆಗೆ ಕೈಹೊಲಿಗೆ, ಅಡಿಗೆ ಕಬ್ಬಿಣದ ಮೊಳೆ, ಕಾಲಿನ ಹರಡಿನ ಮೇಲಕ್ಕೂ ಬರುವಂಥದ್ದು. ಬೆರಳಿನಲ್ಲಿ ಬಡಿದರೆ ಹಲಗೆಯ ಸದ್ದು. ಪದ್ಧತಿಯಂತೆ ಕಾಲು ತೂರಿಸಿದವನು ಅಪ್ಪ. ಕಂದು ಜೊತೆ ಹಾಕಿಕೊಂಡು ಅಂಗಡಿಯ ಮೆಟ್ಟಿಲು ಹತ್ತಿ ಇಳಿದ. ಬೆರಳಿನ ಮುಂದೆ ಜಾಗ ಇದೆಯೇ ಎಂದು ಸಾಯಬರು ಹೆಬ್ಬೆರಳಿನಿಂದ ಒತ್ತಿ ನೋಡಿದರು. ಅಪ್ಪನಿಗೆ ನಗು ಬಂತು.

"ಕಾಲು ಐತೋ ಇಲ್ವೋ ಅಂತ್ಲೇ ಗೊತ್ತಾಯ್ತಿಲ್ಲ ಅಣ್ಣ!"

ಕಪ್ಪು ಜೊತೆಯಲ್ಲಿ ನಾಲ್ಕು ಹೆಜ್ಜೆ ಇಟ್ಟು ಸುಮ್ಮನೆ ನಿಂತ.

"ಯಾಕ್ಲಾ, ಬಾಯಿ ಬಿದ್ದೋಯ್ತಾ?"

"ವಸಿ ಕಚ್ತದೆ ಅಣ್ಣ."

"ಕಚ್ಲಿ ಬುಡು. ಬೇಟೆಗೆ ಕಚ್ಚೋದೇ ಬೇಕು. ಮೆತ್ತಗಿರೋದ ಎಂಗಸ್ರು ಆಕ್ಕಳ್ಳಿ. ನಂಗೆ ಬಾಳಿಕೆ ಬರ್ಬೇಕು."

"ಹಾಕ್ಕೊಳ್ಳೋರು ಇವರು, ಇವರನ್ನೇ ಕೇಳಬೇಕಲ್ವಾ?" ಎಂದರು ಸಾಯಬರು.

"ಆಕ್ಕಳೋನು ನಾನು. ಪಳಗ್ಸೋನು ಇವ್ನು."

ಸಾಯಬರು ಕಪ್ಪು ಜೊತೆಯ ಡಬ್ಬಿಯೊಳಗೆ ಒಂದು ಹಿಡಿ ಹತ್ತಿ ಇಟ್ಟು, ಅಪ್ಪನಿಗೆ "ಹಿಮ್ಮಡಿಗೆ ಇಟ್ಕೋ ತಮ್ಮಾ" ಎಂದರು. ಬಸ್ಸಿನಲ್ಲಿ ದೊಡ್ಡಪ್ಪ ಗಾಳಿಯಾಗುತ್ತದೆಂದು ಆ ಹತ್ತಿಯನ್ನು ತನ್ನ ಎರಡೂ ಕಿವಿಗೆ ತುರುಕಿಕೊಂಡ. ಹಾಗೆ ಕೂತೇ, ಜೋರು ದನಿಯಲ್ಲಿ ಅಪ್ಪನಿಗೆ ಮಾತು ಕೊಟ್ಟ.

"ಲೇ ಪುಟ್ಮಾದ, ಹಬ್ಬದೊತ್ಗೆ ಇದು ನನ್ ಕಾಲ್ಗೆ ಬೆಣ್ಣೆ ಆಗ್ಬೇಕು. ಮಾಡ್ಕೊಟ್ಟೆ ಅಂದ್ರೆ ಈ ಸಲ ನಿಂಗೆ ಕೋವಿ ಕೊಟ್ಟು ಮರೇಲಿ ನಿಲ್ಲಿಸ್ತೀನಿ."

ಇದು ಎಷ್ಟು ದೊಡ್ಡ ಮಾತು ಎಂದು ಹೇಳಬೇಕು. ಬೇಟೆಯಲ್ಲಿ ಎರಡು ಥರದ ಜನ. ತಮಟೆ ಬಡಿದು, ಕೂಗಿ, ಪೊದೆಯಿಂದ ಹಂದಿ ಎಬ್ಬಿಸುವವರು ಒಂದು ಕಡೆ. ಅದು ಓಡಿ ಬರುವ ದಾರಿಯಲ್ಲಿ ಮರೆಯಾಗಿ ಕೋವಿ ಹಿಡಿದು ಕಾಯುವವರು ಇನ್ನೊಂದು ಕಡೆ. ಅಪ್ಪ ಹುಟ್ಟಿದಾಗಿನಿಂದ ಕೂಗುವವರ ಕಡೆಯೇ. ಮನೆಯಲ್ಲಿ ಎರಡು ಕೋವಿ ಇದ್ದರೂ ಎಣ್ಣೆ ಹಾಕಿ ಒರೆಸುವುದಷ್ಟೇ ಅವನ ಕೆಲಸ. ಆವತ್ತು ಕೌದಳ್ಳಿಯಿಂದ ಮನೆಗೆ ನಡೆಯುವಾಗ ಅಪ್ಪ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡ. "ಕೂಸೇ, ನಂಗೆ ಒಂದೇ ಒಂದ್ಸಲ ಅಲ್ಲಿ ನಿಲ್ಬೇಕು ಕಣವ್ವ. ಹೊಡೀದಿದ್ರೂ ಸೈ," ಎಂದ. ಅಪ್ಪ ಹೀಗೆ ತನ್ನ ಆಸೆಗಳನ್ನು ನನ್ನ ಹತ್ತಿರ ಹೇಳುತ್ತಿದ್ದ. ಅಮ್ಮನ ಹತ್ತಿರಕ್ಕಿಂತ ಹೆಚ್ಚಾಗಿ ನನ್ನ ಹತ್ತಿರ.

ಮಾರನೆಯ ದಿನದಿಂದ ಬೂಡ್ಸು ಅಪ್ಪನ ಕಾಲೇರಿತು. ಅಮ್ಮ ಹರಳೆಣ್ಣೆ ಬಿಸಿ ಮಾಡಿ ತೊಗಲಿಗೆ ಉಜ್ಜಿದಳು. ತೊಗಲು ಎಣ್ಣೆ ಕುಡಿದು ಕುಡಿದು ಹಾಗೇ ಉಳಿಯಿತು. ಅಪ್ಪ ಹೊಲಕ್ಕೆ, ಕೆರೆಗೆ, ಸಂತೆಗೆ ಟಕ್ ಟಕ್ ಎಂದು ನಡೆಯುವಾಗ ನಾವು ಮಕ್ಕಳು ಸಾಲಾಗಿ ಹಿಂದೆ ಬಿದ್ದು, "ಪೋಲೀಸಪ್ಪ ಬಂದ, ಲಾಠಿ ಬುಟ್ಟು ಬಂದ!" ಎಂದು ಕೂಗುತ್ತಿದ್ದೆವು. ಅಪ್ಪ ತಿರುಗಿ ಸಲಾಂ ಹೊಡೆಯುತ್ತಿದ್ದ. ವಾರದೊಳಗೆ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದು ಒಡೆದವು. ಆಮೇಲೆ ಅವನು ಸಲಾಂ ಹೊಡೆಯಲಿಲ್ಲ. ನಾವು ಮಾತ್ರ ಕೂಗುವುದನ್ನು ಬಿಡಲಿಲ್ಲ. ಕುಂಟುವುದನ್ನೂ ಸೇರಿಸಿಕೊಂಡೆವು. ಎಲ್ಲರಿಗಿಂತ ಚೆನ್ನಾಗಿ ಕುಂಟುತ್ತಿದ್ದವಳು ನಾನು.

ಹಬ್ಬಕ್ಕೆ ಐದಾರು ದಿನ ಇರುವಾಗ, ಹುಣಸೆ ಆರಿಸಲು ಹೋದವಳು ಮರದ ಹಿಂದೆ ಅಪ್ಪ ಬರಿಗಾಲಲ್ಲಿ ಕೂತಿರುವುದನ್ನು ಕಂಡೆ. ಬೂಡ್ಸಿನ ಬಾಯಿಗೆ ಬಟ್ಟೆ ತುರುಕಿತ್ತು. ಬಿಚ್ಚಿ ತೋರಿಸಿದ. ಒಳಗೆ ನೆನೆಸಿದ ಹುರುಳಿಕಾಳು. ಕಾಳು ಉಬ್ಬಿದ ಹಾಗೆ ತೊಗಲನ್ನು ಒಳಗಿನಿಂದ ಅಗಲಿಸುತ್ತದಂತೆ. ಕೆಲವು ಆಗಲೇ ಬೆಳ್ಳಗೆ ಮೊಳಕೆ ಬಿಟ್ಟಿದ್ದವು.

"ನೋಡ್ದಾ, ಕಾಲಿನ್ ಕೆಲ್ಸ ಕಾಳು ಮಾಡ್ತೈತೆ," ಎಂದು ಕಣ್ಣು ಮಿಟುಕಿಸಿದ. "ಯಾರ್ಗೂ ಏಳ್ಬ್ಯಾಡ ಕಣವ್ವ. ಅಣ್ಣಂಗೆ ಗೊತ್ತಾದ್ರೆ ಕೋವಿ ಕೊಡಾಕಿಲ್ಲ."

ಮೂರು ದಿನ ಹೇಳಲಿಲ್ಲ. ನಾಲ್ಕನೆಯ ದಿನ ಸಂಜೆ ಜಗಲಿಯ ಮೇಲೆ ದೊಡ್ಡಪ್ಪ, ಪಕ್ಕದ ಮನೆಯ ಕೆಂಪಣ್ಣ, ಇನ್ನೂ ನಾಲ್ಕೈದು ಜನ ಕೂತು ಬೇಟೆಯ ಮಾತಾಡುತ್ತಿದ್ದರು. ಅಪ್ಪ ಒಂದು ಮೂಲೆಯಲ್ಲಿ ಬೂಡ್ಸುಗಾಲು ಚಾಚಿ ಕೂತಿದ್ದ. ದೊಡ್ಡಪ್ಪ ನನ್ನನ್ನು ಎಳೆದು ತೊಡೆಯ ಮೇಲೆ ಕೂರಿಸಿಕೊಂಡು, "ಏನ್ ಕೂಸೇ, ಏನಾರ ತಮಾಸೆ ಏಳು," ಎಂದ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ದೊಡ್ಡವರನ್ನು ನಗಿಸುವ ರುಚಿ ನನಗೆ ಆಗಲೇ ಹತ್ತಿತ್ತು.

"ಅಪ್ಪ ಬೂಡ್ಸಲ್ಲಿ ಹುರುಳಿಕಾಳು ಮೊಳಕೆ ಕಟ್ತಾನೆ!" ಎಂದೆ.

ಜಗಲಿ ಬಿದ್ದು ಬಿದ್ದು ನಕ್ಕಿತು. "ಲೇ ಪುಟ್ಮಾದ, ಬಸ್ಸಾರು ಮಾಡ್ಸೋದಾದ್ರೆ ನಮ್ಮನ್ನೂ ಕರೀಲಾ!" ಎಂದ ಕೆಂಪಣ್ಣ. ಅಪ್ಪನೂ ನಗಲು ನೋಡಿದ. ದೊಡ್ಡಪ್ಪ ನಗುತ್ತಲೇ ಎದ್ದು ಅಪ್ಪನ ಮುಂದೆ ಕುಕ್ಕರಗಾಲಲ್ಲಿ ಕೂತ.

"ನಾನು ಸಾಕ್ದೋನು ನನ್ನೇ ಏಮಾರಿಸ್ತೀಯಾ? ಆಯ್ತು ಬುಡು. ಇನ್ನು ಹೊಸತೊಡಕಿನ ಗಂಟ ಇದ ಬಿಚ್ಚಂಗಿಲ್ಲ. ಬಿಚ್ದೆ ಅಂದ್ರೆ ಕೋವಿ ಇಲ್ಲ." ನನ್ನ ಕಡೆ ತಿರುಗಿದ. "ಬಾ ಕೂಸೇ, ದಾರ ನೀನೇ ಕಟ್ಟು. ನೀ ಆಕಿದ್ ಗಂಟ್ನ ನಿಮ್ಮಪ್ಪ ಬಿಚ್ಚಾಕಿಲ್ಲ."

ಕಟ್ಟಿದೆ. ಜಡೆಗೆ ಟೇಪು ಕಟ್ಟುವ ಹಾಗೆ ಬಿಗಿಯಾಗಿ, ಗಂಟಿನ ಮೇಲೆ ಗಂಟು, ಒಂದೊಂದು ಕಾಲಿಗೆ ಮೂರು. ನನಗೆ ಸಂತೋಷವಾಗಿತ್ತು. ಅಪ್ಪನ ಮುಖ ನೋಡಲಿಲ್ಲ.

ಅಪ್ಪ ಅದರಲ್ಲೇ ಮಲಗಿದ, ಅದರಲ್ಲೇ ಎದ್ದ. ತೊಗಲಿಗೆ ನೀರು ಸೋಕಬಾರದೆಂದು ಯುಗಾದಿಯ ಎಣ್ಣೆನೀರಿಗೆ ಕಾಲೆರಡನ್ನೂ ಬಚ್ಚಲ ಕಲ್ಲಿನಿಂದಾಚೆ ಚಾಚಿ ಕೂತ. ಅಮ್ಮ ತಲೆಗೆ ನೀರು ಹುಯ್ದವಳು, ತಡೆಯಲಾರದೆ ಕುಡುಗೋಲು ತಂದು ದಾರಕ್ಕೆ ಹಾಕಿದಳು. ಅಪ್ಪ ಅವಳ ಕೈ ಹಿಡಿದುಕೊಂಡ. "ಬ್ಯಾಡ ಕಣೆ. ನಾಳೀಕೆ ಕೋವಿ ಕೊಡ್ತಾನೆ." ಅಮ್ಮ ನನ್ನನ್ನು ಹೊಡೆಯಲಿಲ್ಲ. ಬೇವು ಬೆಲ್ಲ ಕೊಡುವಾಗ ಎಲ್ಲರಿಗೂ ಕೊಟ್ಟಷ್ಟೇ ಕೊಟ್ಟು, "ನಿಂಗೆ ಏನ್ ಕಮ್ಮಿ ಮಾಡಿದ್ವವ್ವ?" ಎಂದು ಕೇಳಿದಳು.

ಹೊಸತೊಡಕಿನ ಬೆಳಿಗ್ಗೆ ದೊಡ್ಡಪ್ಪ ಗಂಟುಗಳನ್ನು ತಾನೇ ಬಿಚ್ಚಿ ಬೂಡ್ಸು ಎಳೆದ. ಅದರ ಜೊತೆ ಹಿಮ್ಮಡಿಯ ಚರ್ಮವೂ ಬಂತು. ಕೆಂಪಣ್ಣ ಮೂಗು ಹಿಡಿದುಕೊಂಡು, "ಕಾಡ್ಗ್ಯಾಕ್ರಪ್ಪ ಓಗೋದು, ಹಂದಿ ಇಲ್ಲೇ ಸತ್ತೈತಲ್ಲ!" ಎಂದ. ಮತ್ತೆ ನಗು. ದೊಡ್ಡಪ್ಪ ಹಳೇ ಪಂಚೆಯಿಂದ ಬೂಡ್ಸಿನ ಒಳಗೆಲ್ಲ ಒರೆಸಿ, ಬೂದಿ ಉದುರಿಸಿ ಕೊಡವಿ, ಕಾಲು ಹಾಕಿ, ಅಂಗಳದ ತುಂಬ ನಡೆದಾಡಿದ. ಅವನ ಮುಖ ಅರಳಿತು.

"ಬೆಣ್ಣೆ ಕಣ್ಲಾ ಪುಟ್ಮಾದ! ಬೆಣ್ಣೆ!"

ಅಪ್ಪ ಗೋಡೆ ಹಿಡಿದು ಎದ್ದ. ಎರಡು ಹೆಜ್ಜೆ ಇಟ್ಟ, ನೆಲದ ಮೇಲೆ ಗುರುತು ಮೂಡಿತು. ಮೂರನೆಯದಕ್ಕೆ ಕುಸಿದು ಕೂತ. ಕೂತಲ್ಲಿಂದಲೇ ಕೋವಿಗೆ ಕೈ ಚಾಚಿದ.

ದೊಡ್ಡಪ್ಪ ಬೈಯಲಿಲ್ಲ. ಮಗುವಿಗೆ ಹೇಳುವ ಹಾಗೆ ಹೇಳಿದ. "ಕೋವಿ ಇದ್ರೆ ಆಯ್ತದೇನ್ಲಾ? ಕಾಲು ಬ್ಯಾಡ್ವಾ? ಹಂದಿ ತಿರುಗಿ ಬಿದ್ರೆ ನಿನ್ನ ಒತ್ಕಂಡು ಓಡೋರ್ಯಾರು?"

ಅದು ನಿಜವೂ ಆಗಿತ್ತು. ಎರಡನೆಯ ಕೋವಿ ಕೆಂಪಣ್ಣನ ಹೆಗಲೇರಿತು. ತಮಟೆಯ ಸದ್ದು ಕೆರೆ ಏರಿಯ ಆಚೆ ಹೋಗಿ ಅಡಗುವಷ್ಟರಲ್ಲಿ ಅಪ್ಪ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಿದ್ದನೋ ಇಲ್ಲವೋ, ನಾನು ನೋಡಿಲ್ಲ. ಗಂಡಸರ ಹಿಂದೆ ಊರ ಬಾಗಿಲವರೆಗೆ ಓಡಿದ್ದೆ.

ಮಧ್ಯಾಹ್ನಕ್ಕೆ ಒಂದು ಹಂದಿ ಬಂತು. ಪಾಲು ಹಾಕುವುದಕ್ಕೆ ನಮ್ಮಲ್ಲಿ ಲೆಕ್ಕವಿತ್ತು. ಹೋದ ಪ್ರತಿ ಆಳಿಗೂ ಒಂದು ಪಾಲು, ಕೋವಿಗೊಂದು, ನಾಯಿಗೊಂದು. ಹೋಗದವನಿಗೆ ಇಲ್ಲ. ಮುತ್ತುಗದ ಎಲೆಗಳ ಮೇಲೆ ಗುಡ್ಡೆ ಹಾಕುವಾಗ ಯಾರೋ, "ಪುಟ್ಮಾದಂಗೆ?" ಎಂದರು.

"ಅವ್ನು ಬರ್ನಿಲ್ವಲ್ಲ," ಎಂದ ದೊಡ್ಡಪ್ಪ. ಆಮೇಲೆ ತನ್ನ ಕಾಲು ನೋಡಿಕೊಂಡು ನಕ್ಕ. "ಬೂಡ್ಸು ಬಂದಿತ್ತು. ಬೂಡ್ಸಿಗೊಂದು ಪಾಲು ಆಕ್ರಲಾ. ನಾಯಿದಕ್ಕಿಂತ ವಸಿ ಜಾಸ್ತೀನೇ ಆಕಿ."

ಆ ಎಲೆಯನ್ನು ಎರಡೂ ಕೈಯಲ್ಲಿ ಹಿಡಿದು ಮನೆಗೆ ತಂದವಳು ನಾನೇ. ಬೂಡ್ಸಿನ ಪಾಲು ಎಂದು ಕೂಗುತ್ತಲೇ ತಂದೆ. ಅಮ್ಮ ಖಾರ ಅರೆದಳು. ಮುದ್ದೆಯ ಜೊತೆ ಬಡಿಸಿದಳು. ಅಪ್ಪ ತನ್ನ ತಟ್ಟೆಯ ತುಂಡುಗಳನ್ನು ಒಂದೊಂದಾಗಿ ನನ್ನ ತಟ್ಟೆಗೆ ಹಾಕಿದ. ನಾನು ಎಲ್ಲವನ್ನೂ ತಿಂದೆ. ಚೆನ್ನಾಗಿತ್ತು.

ಅಪ್ಪನ ಹಿಮ್ಮಡಿ ಮಾಯುವಷ್ಟರಲ್ಲಿ ಮಳೆಗಾಲ ಬಂತು. ಬೇಟೆ ಇನ್ನೂ ನಾಲ್ಕೈದು ವರ್ಷ ನಡೆದು ನಿಂತುಹೋಯಿತು. ಅಪ್ಪ ಯಾವುದಕ್ಕೂ ಹೋಗಲಿಲ್ಲ, ಯಾರೂ ಕರೆಯಲೂ ಇಲ್ಲ. ಈಗ ನಮ್ಮೂರಿನ ಹೊಲಗಳಿಗೆ ಸೋಲಾರ್ ಬೇಲಿ ಬಂದಿದೆ, ಹಂದಿಗಳು ಅದರ ಕೆಳಗೆ ನುಗ್ಗಿ ಜೋಳ ತಿಂದು ಹೋಗುತ್ತವೆ. ಬೇಟೆ ಹೋಯಿತೆಂದು ನನಗೆ ದುಃಖವಿಲ್ಲ. ಹೋಗಬೇಕಾದದ್ದೇ ಅದು.

ಅಪ್ಪ ಆಮೇಲೆ ಮೂವತ್ತು ವರ್ಷ ಬದುಕಿದ. ನನ್ನ ಮೇಲೆ ಒಂದು ದಿನವೂ ಸಿಡುಕಲಿಲ್ಲ. ನನ್ನ ಮದುವೆ ಮಾಡಿದ, ಬಾಣಂತನಕ್ಕೆ ಎರಡು ಸಲವೂ ನನ್ನ ಗಂಡನ ಊರು ಯಳಂದೂರಿಗೆ ಬಂದು ಕರೆದುಕೊಂಡು ಹೋದ. ಆದರೆ ನಂಗೆ ಇದು ಬೇಕು ಕಣವ್ವ ಎನ್ನುವ ಮಾತನ್ನು ಅವನ ಬಾಯಿಂದ ನಾನು ಮತ್ತೆ ಕೇಳಲೇ ಇಲ್ಲ. ಹಬ್ಬಕ್ಕೆ ಯಾವ ಬಣ್ಣದ ಅಂಗಿ ತರಲಿ ಎಂದರೆ, ನಿನ್ನಿಷ್ಟ ಎನ್ನುತ್ತಿದ್ದ. ಕೊನೆಗೆ ಕೊಳ್ಳೇಗಾಲದ ಆಸ್ಪತ್ರೆಯಲ್ಲಿ ಮಲಗಿದ್ದಾಗ, ಬೆಳಿಗ್ಗೆ ಫ್ಲಾಸ್ಕು ಹಿಡಿದು ಕ್ಯಾಂಟೀನಿಗೆ ಹೊರಟವಳು ಬಾಗಿಲಲ್ಲಿ ನಿಂತು ಕೇಳಿದೆ.

"ಟೀ ತರ್ಲಾ ಅಪ್ಪ, ಕಾಪಿ ತರ್ಲಾ?"

ಅಪ್ಪ ನನ್ನ ಕಡೆಗೆ ಹೊರಳಿದ. ಹೇಳುತ್ತಾನೆ ಎಂದುಕೊಂಡೆ.

"ಯಾವ್ದಾರ ಸೈ ಕಣವ್ವ," ಎಂದ.