ಕವರ್ ಬಿಚ್ಚುತ್ತಿದ್ದ ಹೊನ್ನಮ್ಮ

ಹೊನ್ನಮ್ಮನ ಬಲಗೈ ಹೆಬ್ಬೆರಳಿನ ಉಗುರು ಮಾತ್ರ ಉದ್ದ. ಉಳಿದವು ಸಗಣಿ ಬಾಚಿ ಬಾಚಿ ಸವೆದಿದ್ದವು. ಪ್ಲಾಸ್ಟಿಕ್ ಕವರಿನ ಗಂಟು ಬಿಚ್ಚುವುದಕ್ಕೆಂದೇ ಅವಳು ಅದೊಂದನ್ನು ಬೆಳೆಸಿದ್ದಳು.

ಮಕ್ಕಳೇ, ನಿಮ್ಮ ತಾತ ಹೋದ ಮೇಲೆ ನಾನು ಶಾಮನೂರಿನ ಅಂಚಿನಲ್ಲಿದ್ದ ಕಾಲೇಜು ಹುಡುಗಿಯರ ಹಾಸ್ಟೆಲಿಗೆ ಅಡುಗೆಗೆ ಸೇರಿದೆ. ಅಲ್ಲಿಗೆ ಹಾಲು ಹಾಕುತ್ತಿದ್ದವಳು ಹೊನ್ನಮ್ಮ. ಅವಳಿಗಿದ್ದದ್ದು ಕೆಂಪಿ ಅನ್ನುವ ಒಂದೇ ಹಸು. ಗಂಡನಿಲ್ಲ, ಮಕ್ಕಳಿಲ್ಲ, ಅವಳ ಬದುಕೆಲ್ಲ ಅದರ ಮೇಲೆಯೇ. ನಾನಾಗಿ ಯಾರನ್ನೂ ಮಾತಾಡಿಸುವವಳಲ್ಲ ನಾನು. ಅವಳೇ ಅಡುಗೆಮನೆ ಹೊಸ್ತಿಲಲ್ಲಿ ಕೂತು, "ಅಕ್ಕಾರೆ, ಬಾಯಾಗೆ ಮಂಡಕ್ಕಿ ತುಂಬ್ಕಂಡೀರೇನು?" ಎಂದು ಕೆಣಕುತ್ತಿದ್ದಳು.

ಹುಡುಗಿಯರು ತಟ್ಟೆಯಲ್ಲಿ ಅನ್ನ ಬಿಟ್ಟು ಏಳುವುದನ್ನು ನನಗೆ ನೋಡಲಾಗುತ್ತಿರಲಿಲ್ಲ. ಒಂದು ದಿನ ಧೈರ್ಯ ಮಾಡಿ, "ಚೆಲ್ಲಬ್ಯಾಡ್ರಮ್ಮ, ಹಸುವಿಗಾದ್ರೂ ಇಡ್ರಿ" ಎಂದೆ. ಒಳ್ಳೆಯ ಹುಡುಗಿಯರು, ಕೇಳಿದರು. ನಾಯಿ ಬಾಯಿ ಹಾಕದಿರಲೆಂದು ಅನ್ನವನ್ನು ಕವರಿಗೆ ತುಂಬಿ, ಬಿಗಿಯಾಗಿ ಗಂಟು ಹಾಕಿ, ಹಿಂದಿನ ತಂತಿ ಬೇಲಿಗೆ ನೇತು ಹಾಕತೊಡಗಿದರು. ಹೊನ್ನಮ್ಮ ಎರಡು ಹೊತ್ತೂ ಬಂದು ಒಂದೊಂದನ್ನೇ ಬಿಚ್ಚಿ ಅನ್ನವನ್ನು ಬುಟ್ಟಿಗೆ ಸುರಿದುಕೊಳ್ಳುವಳು.

"ಹೊನ್ನಮ್ಮ, ಆ ಉಗುರಿಗೆ ಪಾಲಿಶ್ ಹಚ್ಚಲಾ?" ಎಂದು ಒಬ್ಬಳು ನಕ್ಕಳು.

"ಹಚ್ಚವ್ವ. ಸಂಜಿಗೆ ನಿನ್ನ ಕವರ್ ಬಿಚ್ಚೋದ್ರಾಗೆ ಅಳಿಸಿ ಹೋಗ್ತತಿ."

ಒಮ್ಮೆ ಅವಳು ಜ್ವರ ಬಂದು ವಾರಗಟ್ಟಲೆ ಮಲಗಿದಳು. ಕೆಂಪಿ ಹಗ್ಗ ಕಿತ್ತುಕೊಂಡು ದಿನಾ ಬೇಲಿಗೆ ಬಂತು. ಆಮೇಲೆ ಹೊಟ್ಟೆ ಉಬ್ಬಿತು, ಮೇವು ಬಿಟ್ಟಿತು, ಒಂದು ಬೆಳಿಗ್ಗೆ ಏಳಲಿಲ್ಲ. ದನದ ಡಾಕ್ಟರು ಹೊಟ್ಟೆ ಕೊಯ್ದು ತೋರಿಸಿದರು. ಮುದ್ದೆಯಾದ ಕವರುಗಳು, ಕೆಲವಕ್ಕೆ ಹಾಕಿದ ಗಂಟು ಹಾಗೇ ಇತ್ತು. ಹೊನ್ನಮ್ಮ ಅಳಲಿಲ್ಲ. "ನಾನು ಮಲಗಬಾರದಿತ್ತು" ಎಂದಳು. ಹಸುವಿಗಿಡಿ ಎಂದು ಹೇಳಿದವಳು ನಾನು ಎನ್ನಲು ನನಗೆ ಬಾಯಿ ಬರಲಿಲ್ಲ. ಕೊನೆಯವರೆಗೂ ಬರಲಿಲ್ಲ.

ಹುಡುಗಿಯರು ಬಿಕ್ಕಿ ಬಿಕ್ಕಿ ಅತ್ತರು. ಕಾಲೇಜಿನಲ್ಲಿ ಪ್ಲಾಸ್ಟಿಕ್ ಜಾಗೃತಿ ಕಾರ್ಯಕ್ರಮವಾಯಿತು. ಕೆಂಪಿಯ ಫೋಟೋ ಹಾಕಿ ದೊಡ್ಡ ಫ್ಲೆಕ್ಸ್ ಕಟ್ಟಿದ್ದರು. ಹೊನ್ನಮ್ಮನಿಗೆ ಶಾಲು ಹೊದಿಸಿ ಮಾತಾಡಿ ಎಂದರು.

"ಅನ್ನ ಸುರೀರಿ, ಕವರ್ ವಾಪಸ್ ತಗಂಡು ಹೋಗ್ರಿ. ಮತ್ತೇನಿಲ್ಲ" ಎಂದು ಇಳಿದು ಬಂದಳು.

ಜೋರು ಚಪ್ಪಾಳೆ. ಎಲ್ಲರ ಕೈಗೂ ಒಂದೊಂದು ನೀರಿನ ಬಾಟಲಿ. ಹೊನ್ನಮ್ಮ ತನ್ನ ಬಾಡಿಗೆ ಮನೆಗೆ ಬೀಗ ಹಾಕಿ ಹರಿಹರದ ತಮ್ಮನ ಮನೆಗೆ ಹೋದಳು.

ವಾರ ಕಳೆಯುವಷ್ಟರಲ್ಲಿ ಬೇಲಿಯ ಮೇಲೆ ಮತ್ತೆ ಕವರುಗಳು. ಬೀದಿ ದನಗಳು ಬರುತ್ತಿದ್ದವು. ಆ ಕಾರ್ಯಕ್ರಮದಲ್ಲಿ ಪ್ರಬಂಧ ಬರೆದು ಮೊದಲ ಬಹುಮಾನ ಪಡೆದವಳೇ ನೇತು ಹಾಕುವಾಗ ಸಿಕ್ಕಳು. ಕೇಳಿದೆ. "ಗೊತ್ತು ಆಂಟಿ. ಸುರಿಯೋಕೆ ಹೋದ್ರೆ ಕೈಯೆಲ್ಲ ಅಂಟಾಗುತ್ತೆ" ಎಂದಳು. ಅಷ್ಟು ಮುದ್ದಾಗಿ ಹೇಳಿದಳು, ನಾನು ಒಳಗೆ ಬಂದುಬಿಟ್ಟೆ. ಆಮೇಲೆ ದಿನಾ ನಾನೇ ಬಿಚ್ಚಲು ನೋಡಿದೆ. ಅಡುಗೆ ಮುಗಿಸಿ ಹೋಗುವಷ್ಟರಲ್ಲಿ ಅರ್ಧ ಕವರುಗಳು ಇರುತ್ತಿರಲಿಲ್ಲ.

ಆರು ತಿಂಗಳ ಮೇಲೆ ಬಸ್ಸು ಹತ್ತಿ ಹರಿಹರಕ್ಕೆ ಹೋದೆ. ಹೊನ್ನಮ್ಮ ಇಳಿದುಹೋಗಿದ್ದಳು. ಅಂಗಳದಲ್ಲಿ ಇನ್ನೂ ಕರು ಹಾಕದ ಒಂದು ಕಡಸನ್ನು ಕಟ್ಟಿದ್ದರು.

"ಹುಡ್ಗೀರು ಈಗ ಕವರ್ ಕಟ್ಟಲ್ಲ ಅಲ್ರಿ?" ಎಂದಳು.

"ಇಲ್ಲ" ಎಂದೆ. ಅವಳ ಮುಖ ನೋಡಿ ಬೇರೆ ಹೇಳಲಾಗಲಿಲ್ಲ.

"ಹಂಗಾದ್ರೆ ಇದನ್ನ ಹೊಡ್ಕಂಡು ಬಂದ್ಬಿಡ್ತೀನ್ರಿ. ತಮ್ಮನ ಹೆಂಡ್ತಿ ಕೈಯಾಗೆ ಎಷ್ಟು ದಿನ ಅಂತ ಉಣ್ಲಿ?" ಎಂದು ಕಡಸಿನ ಕೊರಳಡಿ ಜೋಲುವ ಗಂಗೆದೊಗಲು ಸವರತೊಡಗಿದಳು.

"ಬ್ಯಾಡ ಹೊನ್ನಮ್ಮ."

ಕೈ ನಿಂತಿತು. "ಇನ್ನೂ ಕಟ್ತಾರೇನ್ರಿ?"

ನಾನು ಹೌದೆಂದು ತಲೆಯಾಡಿಸಿದೆ.

ಅವಳು ಕಡಸಿನ ಮುಂದೆ ಒಂದು ಹಿಡಿ ಹುಲ್ಲು ಹಾಕಿದಳು. ಆಮೇಲೆ ಎಲೆಅಡಿಕೆ ಚೀಲದೊಳಗಿಂದ ಶಾಮನೂರಿನ ಮನೆಯ ಬೀಗದ ಕೈ ತೆಗೆದು ನನ್ನ ಅಂಗೈಯಲ್ಲಿಟ್ಟಳು. "ಮಾಲೀಕ್ರಿಗೆ ಕೊಟ್ಬಿಡ್ರಿ, ಅಕ್ಕಾರೆ."

ಅದೇ ಕೊನೆ, ಅವಳನ್ನು ನಾನು ನೋಡಿದ್ದು.